ಸಿನಿಮಾ ಹುಟ್ಟಿದ್ದೇ ಕಿರುಚಿತ್ರವಾಗಿ, ಆಮೇಲೆ ಅದನ್ನು ಥಿಯೇಟರಿನಿಂದ ಹೊರಗೆ ಹಾಕಿದ್ದು ಯಾರು?

ಸುರುಳಿ_ಸುತ್ತು
ಹೋದ ವಾರ ಒಂದು ಕಿರುಚಿತ್ರದ ಎಡಿಟಿಂಗ್ ಮುಗಿಸಿದೆ. 11 ನಿಮಿಷ. ಮೊದಲು 19 ನಿಮಿಷ ಇತ್ತು, ಎರಡು ತಿಂಗಳು ಕೂತು ಇಳಿಸಿದ್ದು. ನೋಡಿದ ನಾಲ್ವರಲ್ಲಿ ಮೂವರು ಕೇಳಿದ್ದು ಒಂದೇ ಪ್ರಶ್ನೆ: "ಚೆನ್ನಾಗಿದೆ, ಇದನ್ನ ಸಿನಿಮಾ ಯಾವಾಗ ಮಾಡ್ತೀರಿ?" ಏನು ಉತ್ತರ ಕೊಡೋದು? ಇದು ಸಿನಿಮಾನೇ. ಮುಗಿದ ಸಿನಿಮಾ. ಇದಕ್ಕೆ ಇನ್ನೊಂದು ನಿಮಿಷ ಸೇರಿಸಿದರೆ ಕೆಡುತ್ತದೆ ಅಂತ ನನಗೆ ಗೊತ್ತು, ಯಾಕಂದರೆ ಆ ನಿಮಿಷ ಮೊದಲು ಅದರಲ್ಲಿತ್ತು.

ಅದೇ ಬೇಜಾರಿನಲ್ಲಿ ಹಳೆಯದನ್ನೆಲ್ಲ ಓದುತ್ತಾ ಕೂತೆ. 1895ರ ಡಿಸೆಂಬರ್ 28ಕ್ಕೆ ಪ್ಯಾರಿಸ್ಸಿನ ಗ್ರ್ಯಾಂಡ್ ಕೆಫೆಯ ನೆಲಮಾಳಿಗೆಯಲ್ಲಿ ಲುಮಿಯೇರ್ ಅಣ್ಣತಮ್ಮಂದಿರು ಟಿಕೆಟ್ ಇಟ್ಟು ತೋರಿಸಿದ್ದು 10 ಚಿತ್ರ. ಒಂದೊಂದೂ ಒಂದು ನಿಮಿಷದೊಳಗೆ. ಅಲ್ಲಿಂದ ಮುಂದೆ ಸುಮಾರು 15 ವರ್ಷ ಸಿನಿಮಾ ಅಂದರೇ ಕಿರುಚಿತ್ರ, ಬೇರೆ ಹೆಸರೇ ಬೇಕಿರಲಿಲ್ಲ. ಅಮೆರಿಕದ ನಿರ್ದೇಶಕ ಗ್ರಿಫಿತ್ 1908ರಿಂದ 1913ರವರೆಗೆ ಬಯೋಗ್ರಾಫ್ ಕಂಪನಿಗೆ ಸುಮಾರು 450 ಚಿತ್ರ ಮಾಡಿದ, ಹೆಚ್ಚುಕಡಿಮೆ ಎಲ್ಲವೂ ಚಿಕ್ಕವು. ಚಾಪ್ಲಿನ್ ತನ್ನ ಆ ಅಲೆಮಾರಿಯನ್ನು ಕಟ್ಟಿದ್ದು ಚಿಕ್ಕ ಚಿತ್ರಗಳಲ್ಲೇ. ಆಮೇಲೆ ದೊಡ್ಡ ಚಿತ್ರ ಬಂತು, ಆದರೂ ಚಿಕ್ಕದು ಅದರ ಮುಂದೆ ಇನ್ನೂ ಮೂರು ನಾಲ್ಕು ದಶಕ ಓಡಿತು. ಸುದ್ದಿಚಿತ್ರ, ಕಾರ್ಟೂನ್, ಎರಡು ರೀಲಿನ ಕಾಮಿಡಿ, ಆಮೇಲೆ ಫೀಚರ್, ಅಂದರೆ ಪೂರ್ತಿ ಉದ್ದದ ಚಿತ್ರ. ಎಲ್ಲ ಒಂದೇ ಟಿಕೆಟ್ಟಿಗೆ.

ನನ್ನ ಪ್ರಶ್ನೆ ಇಷ್ಟೇ. ಜನಕ್ಕೆ ಸಾಕಾಯ್ತು ಅಂತ ಅದು ಹೋಯಿತಾ, ಇಲ್ಲಾ ಯಾರೋ ತೆಗೆದು ಹಾಕಿದರಾ?

ಮೂರನೇಸಾಲು
ಟಿವಿ ಸಾರ್, ಇನ್ನೇನು. ಮನೆಯಲ್ಲೇ ಪುಕ್ಕಟೆ ಸಿಗುವಾಗ ಅರ್ಧ ಗಂಟೆಯ ಕಾಮಿಡಿಗೆ ಯಾರು ಹೊರಗೆ ಹೋಗುತ್ತಾರೆ?

ಹಳೇಟಾಕೀಸು
ಟಿವಿ ಮೇಲೆ ತಪ್ಪು ಹೊರಿಸೋದು ಸುಲಭ, ಆದರೆ ತಾರೀಕು ಹೊಂದುವುದಿಲ್ಲ. ಲಾರೆಲ್ ಮತ್ತು ಹಾರ್ಡಿ ತಗೊಳ್ಳಿ. ಪಿಯಾನೋವನ್ನು ಮೆಟ್ಟಿಲು ಹತ್ತಿಸುವ 'ದಿ ಮ್ಯೂಸಿಕ್ ಬಾಕ್ಸ್' ಬಂದಿದ್ದು 1932ರಲ್ಲಿ. ಕಿರುಚಿತ್ರಗಳಿಗೆ ಆಸ್ಕರ್ ಕೊಡಲು ಶುರುಮಾಡಿದ ಮೊದಲ ಸಲವೇ ಕಾಮಿಡಿ ವಿಭಾಗದ ಪ್ರಶಸ್ತಿ ಅದಕ್ಕೆ ಬಂತು. ಅಷ್ಟು ಜೋರಾಗಿದ್ದ ಜೋಡಿಯ ಕಿರುಚಿತ್ರಗಳನ್ನು ಅವರ ನಿರ್ಮಾಪಕ ಹ್ಯಾಲ್ ರೋಚ್ 1935ಕ್ಕೆ ನಿಲ್ಲಿಸಿಬಿಟ್ಟ. ಆಗ ಯಾರ ಮನೆಯಲ್ಲಿ ಟಿವಿ ಇತ್ತು?

ಕಾರಣ ಡಬಲ್ ಬಿಲ್. 1930ರ ದಶಕದಲ್ಲಿ ಅಮೆರಿಕದಲ್ಲಿ ಜನರ ಕೈಯಲ್ಲಿ ಕಾಸಿರಲಿಲ್ಲ. ಥಿಯೇಟರಿನವರು ಒಂದು ಟಿಕೆಟ್ಟಿಗೆ ಎರಡು ಫೀಚರ್ ತೋರಿಸಲು ಶುರು ಮಾಡಿದರು. ಎರಡು ದೊಡ್ಡ ಚಿತ್ರ ಹಾಕಿದ ಮೇಲೆ ಸಮಯ ಎಲ್ಲಿಂದ ತರೋದು? ಮೊದಲು ಕತ್ತರಿ ಬಿದ್ದಿದ್ದು ಎರಡು ರೀಲಿನ ಕಾಮಿಡಿಗೆ. ಕಾರ್ಟೂನು, ಸುದ್ದಿಚಿತ್ರ ಚಿಕ್ಕವು, ಅವು ಹೇಗೋ ನುಸುಳಿಕೊಂಡವು.

ಇನ್ನೊಂದು ದುಡ್ಡಿನ ವಿಷಯ ಇದೆ, ಇದನ್ನು ಜನ ಜಾಸ್ತಿ ಮಾತಾಡುವುದಿಲ್ಲ. ದೊಡ್ಡ ಚಿತ್ರಗಳಿಗೆ ಗಲ್ಲಾಪೆಟ್ಟಿಗೆಯಲ್ಲಿ ಪಾಲು ಸಿಗುತ್ತಿತ್ತು. ಕಿರುಚಿತ್ರಕ್ಕೆ ಬರೀ ಬಾಡಿಗೆ, ಇಷ್ಟು ಅಂದರೆ ಇಷ್ಟೇ. ಹಾಲ್ ತುಂಬಿದರೂ ಅಷ್ಟೇ, ಖಾಲಿ ಹೊಡೆದರೂ ಅಷ್ಟೇ. ಜನ ಕಾರ್ಟೂನ್ ನೋಡಲೆಂದೇ ಬಂದಿದ್ದರೂ ಅದನ್ನು ಮಾಡಿದವನಿಗೆ ಒಂದು ಕಾಸು ಜಾಸ್ತಿ ಇಲ್ಲ. ಅಂಥ ಸಾಮಾನನ್ನು ಯಾರು ಎಷ್ಟು ದಿನ ಚೆನ್ನಾಗಿ ಮಾಡುತ್ತಾರೆ ಹೇಳಿ.

ಸುರುಳಿ_ಸುತ್ತು
ಬಾಡಿಗೆ ವಿಷಯ ನನಗೆ ಗೊತ್ತಿರಲಿಲ್ಲ. ಅಂದರೆ ಪ್ರೇಕ್ಷಕರನ್ನು ಕೇಳಿಯೇ ಇಲ್ಲ!

ಹಳೇಟಾಕೀಸು
ಕೇಳೋದೆಲ್ಲಿ ಬಂತು. ಮೊದಲು ಸ್ಟುಡಿಯೋದವರು "ದೊಡ್ಡ ಚಿತ್ರ ಬೇಕಾ, ಇದನ್ನೂ ಕಟ್ಟಿಕೊಂಡು ಹೋಗಿ" ಅಂತ ಕಿರುಚಿತ್ರಗಳನ್ನು ಥಿಯೇಟರಿನವರ ತಲೆಗೆ ಕಟ್ಟುತ್ತಿದ್ದರು. 1940ರಲ್ಲಿ ಸರ್ಕಾರದ ಜೊತೆ ಆದ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. 1948ರಲ್ಲಿ ಪ್ಯಾರಾಮೌಂಟ್ ಕೇಸಿನ ತೀರ್ಪು ಬಂದು ಸ್ಟುಡಿಯೋಗಳು ತಮ್ಮ ಕೈಯಲ್ಲಿದ್ದ ಥಿಯೇಟರುಗಳನ್ನೇ ಬಿಡಬೇಕಾಯಿತು. ಕಾನೂನು ಸರಿಯಾದದ್ದೇ, ಆ ದಬ್ಬಾಳಿಕೆ ತಪ್ಪಬೇಕಿತ್ತು. ಆದರೆ ಕಿರುಚಿತ್ರಕ್ಕೆ ಖಾತ್ರಿಯಾಗಿದ್ದ ಗಿರಾಕಿ ಅಲ್ಲಿಗೆ ಹೋದ.

ಕಪ್ಪುಬಿಳುಪು
ಟಿವಿ ಕೊಂದಿತು ಅನ್ನುವವರಿಗೆ ಇನ್ನೊಂದು. ತ್ರೀ ಸ್ಟೂಜಸ್ ಅನ್ನುವ ಕಾಮಿಡಿ ತಂಡದವರು ಕೊಲಂಬಿಯಾ ಸ್ಟುಡಿಯೋದಲ್ಲಿ 1934ರಿಂದ 190 ಕಿರುಚಿತ್ರ ಮಾಡಿದರು, ಕೊನೆಯದು ತೆರೆಗೆ ಬಂದಿದ್ದು 1959ರಲ್ಲಿ. ಅಷ್ಟು ಹೊತ್ತಿಗೆ ಕಂಪನಿ ಅವರನ್ನು ಬಿಟ್ಟಾಗಿತ್ತು. 1958ರಲ್ಲಿ ಹಳೆಯ ಚಿತ್ರಗಳನ್ನು ಟಿವಿಗೆ ಕೊಟ್ಟರು ನೋಡಿ, ಮಕ್ಕಳು ಮುಗಿಬಿದ್ದರು. ಕೆಲಸ ಕಳಕೊಂಡಿದ್ದವರು ಮತ್ತೆ ಸ್ಟಾರ್ ಆದರು. ಥಿಯೇಟರಿನಲ್ಲಿ ಒಂದು ವಾರ ಓಡಿ ಡಬ್ಬ ಸೇರುತ್ತಿದ್ದ ಸರಕಿಗೆ ಟಿವಿ ಎರಡನೇ ಜನ್ಮ ಕೊಟ್ಟಿತು.

ಮೂರನೇಸಾಲು
ಸರಿ ಒಪ್ಪಿದೆ, ಕಾಮಿಡಿ ಬಿಡಿ. ಆದರೆ ಸುದ್ದಿಚಿತ್ರ? ಸಂಜೆ ಟಿವಿಯಲ್ಲಿ ನೋಡಿದ ಸುದ್ದಿಯನ್ನು ಮುಂದಿನ ವಾರ ಥಿಯೇಟರಿನಲ್ಲಿ ಯಾರು ನೋಡುತ್ತಾರೆ. ಯೂನಿವರ್ಸಲ್ ಸುದ್ದಿಚಿತ್ರ ನಿಂತಿದ್ದು 1967ಕ್ಕೆ. ಅದಂತೂ ಟಿವಿಯದೇ ಕೆಲಸ.

ಹಳೇಟಾಕೀಸು
ಅದು ನಿಜ. ಅಲ್ಲಿ ನಿಮ್ಮ ಮಾತೇ ಸರಿ.

ಪ್ರೊಜೆಕ್ಟರ್_ರೂಮು
ಒಂದು ಲೆಕ್ಕ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮ್. ಮೂಕಿ ಕಾಲದಲ್ಲಿ ಸೆಕೆಂಡಿಗೆ ಸುಮಾರು 16 ಫ್ರೇಮ್ ಓಡಿಸಿದರೆ ಒಂದು ಅಡಿ ಅಂದರೆ ಒಂದು ಸೆಕೆಂಡು. ರೀಲಿಗೆ 1000 ಅಡಿ, ಅಂದರೆ 16 ನಿಮಿಷ ಚಿಲ್ಲರೆ. ಮಾತು ಬಂದ ಮೇಲೆ ವೇಗ 24 ಫ್ರೇಮಿಗೆ ಏರಿತು, ಅದೇ 1000 ಅಡಿ 11 ನಿಮಿಷಕ್ಕೇ ಮುಗಿಯಿತು. ಲುಮಿಯೇರ್ ಕ್ಯಾಮೆರಾದಲ್ಲಿ ಹಿಡಿಸುತ್ತಿದ್ದುದು 17 ಮೀಟರ್, ಅದಕ್ಕೇ ಆ ಚಿತ್ರಗಳು 50 ಸೆಕೆಂಡು. ಕಥೆ 50 ಸೆಕೆಂಡಿನದು ಅಂತ ಅಲ್ಲ, ಡಬ್ಬಿ ಅಷ್ಟೇ ಇತ್ತು.

ಆಮೇಲೆ 1908ರ ಕೊನೆಗೆ ಎಡಿಸನ್ ಮತ್ತಿತರರು ಸೇರಿ ಒಂದು ಕೂಟ ಕಟ್ಟಿದರು. ಅವರ ವ್ಯಾಪಾರವೆಲ್ಲ ಒಂದು ರೀಲಿನ ಲೆಕ್ಕದ ಮೇಲೆ ನಿಂತಿತ್ತು. ನಿಕಲೋಡಿಯನ್ ಅನ್ನುವ ಚಿಕ್ಕ ಚಿಕ್ಕ ಥಿಯೇಟರುಗಳಲ್ಲಿ 5 ಸೆಂಟಿಗೆ ಒಂದಷ್ಟು ಚಿತ್ರ ತೋರಿಸಿ ಜನರನ್ನು ಬೇಗ ಕಳಿಸಿದರೆ ತಾನೇ ಮುಂದಿನ ಗುಂಪು ಒಳಗೆ ಬರೋದು? ದೊಡ್ಡ ಚಿತ್ರ ಅವರಿಗೆ ನಷ್ಟ. ಅದಕ್ಕೇ ಉದ್ದ ಚಿತ್ರ ಮೊದಲು ಬೇರೆ ಕಡೆ ಬೆಳೆಯಿತು. ಆಸ್ಟ್ರೇಲಿಯಾದಲ್ಲಿ 1906ಕ್ಕೇ ಒಂದು ಗಂಟೆ ದಾಟಿದ ಕೆಲ್ಲಿ ಗ್ಯಾಂಗ್ ಅನ್ನುವ ದರೋಡೆಕೋರರ ಚಿತ್ರ ಬಂತು, ಇಟಲಿಯವರು 1913, 1914ರಲ್ಲಿ ಭಾರೀ ಚಿತ್ರಗಳನ್ನು ಕಳಿಸಿದರು.

ಆವಾಗಿಂದ ಈವಾಗಿನವರೆಗೂ ಅಳತೆ ಹೇಳಿದ್ದು ಡಬ್ಬಿ, ಇಲ್ಲಾ ಗಲ್ಲಾಪೆಟ್ಟಿಗೆ. ಯೂಟ್ಯೂಬ್ 2006ರಲ್ಲಿ 10 ನಿಮಿಷದ ಮಿತಿ ಹಾಕಿತ್ತು, ನೆನಪಿದೆಯಾ? ಹೆಚ್ಚುಕಡಿಮೆ ಒಂದು ರೀಲು.

ಹೊಸಬ_24
ಅದನ್ನೇ ನಾನು ಹೇಳಬೇಕು ಅಂತಿದ್ದೆ. ಲುಮಿಯೇರ್ 50 ಸೆಕೆಂಡು, ರೀಲ್ಸ್ 50 ಸೆಕೆಂಡು. ಹೆಸರೂ ರೀಲು. ಕಿರುಚಿತ್ರ ಎಲ್ಲೂ ಹೋಗಿಲ್ಲ, ಫೋನಿಗೆ ಬಂದಿದೆ. ನೀವೆಲ್ಲ ಥಿಯೇಟರ್ ಥಿಯೇಟರ್ ಅಂತ ಅಳುತ್ತಿದ್ದೀರಿ, ಇಡೀ ಪ್ರಪಂಚ ದಿನಾ ನೂರು ಕಿರುಚಿತ್ರ ನೋಡುತ್ತಿದೆ.

ಸಣ್ಣಕಥೆ_ಓದುಗಿ
ಉದ್ದ ಒಂದೇ ಇದ್ದ ಮಾತ್ರಕ್ಕೆ ಎರಡೂ ಒಂದೇ ಆಗಲ್ಲಪ್ಪ. ಲುಮಿಯೇರ್‌ನ ತೋಟಕ್ಕೆ ನೀರು ಹಾಯಿಸುವವನ ಚಿತ್ರ ನೋಡಿದ್ದೀರಾ? ಹುಡುಗ ಪೈಪಿನ ಮೇಲೆ ಕಾಲಿಡುತ್ತಾನೆ, ನೀರು ನಿಲ್ಲುತ್ತದೆ. ತೋಟದವನು ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ, ಮುಖಕ್ಕೆ ಜೋರಾಗಿ ನೀರು. ಅಟ್ಟಿಸಿಕೊಂಡು ಹೋಗಿ ಹಿಡಿದು ಎರಡು ಬಿಗಿಯುತ್ತಾನೆ, ವಾಪಸ್ ಬಂದು ನೀರು ಹಾಯಿಸುತ್ತಾನೆ. ಕ್ಯಾಮೆರಾ ಅಲ್ಲಾಡುವುದೇ ಇಲ್ಲ. ಒಂದು ನಿಮಿಷದೊಳಗೆ ಶುರು, ಏಟು, ತಿರುವು, ಮುಗಿತಾಯ ಎಲ್ಲ ಇದೆ. ಆಮೇಲೆ ಏನಾಯಿತು ಅಂತ ಕೇಳುವ ಹಾಗೇ ಇಲ್ಲ.

ಫೋನಿನಲ್ಲಿ ಬರುವುದರಲ್ಲಿ ಜಾಸ್ತಿ ಮುಗಿಯುವುದೇ ಇಲ್ಲ. ಮುಗಿದ ತಕ್ಷಣ ಮತ್ತೆ ಮೊದಲಿಂದ ಓಡುತ್ತದೆ, ಇಲ್ಲ ಬೆರಳು ಮೇಲಕ್ಕೆ ತಳ್ಳುತ್ತದೆ. ಸಣ್ಣಕಥೆ ಓದಿ ಪುಸ್ತಕ ಮುಚ್ಚಿ ಸುಮ್ನೆ ಗೋಡೆ ನೋಡಿಕೊಂಡು ಕೂರುತ್ತೇವಲ್ಲ, ಆ ಹೊತ್ತು ಇಲ್ಲ. ಕಿರುಚಿತ್ರಕ್ಕೆ ಮುಗಿದ ಮೇಲಿನ ಆ ಅರ್ಧ ನಿಮಿಷ ಬೇಕೇಬೇಕು.

ಹೊಸಬ_24
ಒಳ್ಳೆಯದನ್ನು ಮಾಡುವವರೂ ಇದ್ದಾರೆ ಮೇಡಂ. ವೈನ್ ಅಂತ ವಿಡಿಯೋ ಆ್ಯಪ್ ಇತ್ತಲ್ಲ, ಅದರಲ್ಲಿ 6 ಸೆಕೆಂಡಿನಲ್ಲಿ ಎಂಥೆಂಥ ಕಾಮಿಡಿ ಬಂತು. ಕೆಟ್ಟದ್ದನ್ನು ಮಾತ್ರ ನೋಡಿ ಎಲ್ಲರನ್ನೂ ತಳ್ಳಿಹಾಕಬೇಡಿ.

ಸಣ್ಣಕಥೆ_ಓದುಗಿ
ಅದು ಒಪ್ಪುತ್ತೇನೆ. ವೈನ್‌ನ 6 ಸೆಕೆಂಡು ಒಂಥರಾ ಹನಿಗವನ. 2017ಕ್ಕೆ ಮುಚ್ಚಿಹೋಯಿತು ಅನ್ನುವುದು ಬೇಜಾರು.

ಕಪ್ಪುಬಿಳುಪು
ಈಗಿನ ಉದ್ದುದ್ದ ಫೋನ್ ಧಾರಾವಾಹಿಗಳಿವೆಯಲ್ಲ, ಒಂದೊಂದು ನಿಮಿಷದ ನೂರಾರು ಕಂತು, ಪ್ರತಿ ಕಂತಿನ ಕೊನೆಗೂ ಯಾರೋ ಬಾಗಿಲು ಒದ್ದುಕೊಂಡು ಬರುತ್ತಾರೆ. ಅವನ್ನು ಕಿರುಚಿತ್ರದ ಮೊಮ್ಮಕ್ಕಳು ಅನ್ನುತ್ತಾರೆ, ಅದು ತಪ್ಪು ವಂಶಾವಳಿ. ಅವುಗಳ ಅಜ್ಜಿ 1914ರ 'ದಿ ಪೆರಿಲ್ಸ್ ಆಫ್ ಪಾಲೀನ್' ತರದ ಸೀರಿಯಲ್ ಚಿತ್ರಗಳು. ಮುಂದಿನ ವಾರ ಬನ್ನಿ ಅಂತ ತಡೆದು ನಿಲ್ಲಿಸುವ ಕಲೆ ಅದು. ಅದೂ ಕಲೆಯೇ, ಇಲ್ಲ ಅನ್ನಲ್ಲ. ಆದರೆ ಬೇರೆ ಕಲೆ.

ನೆಗೆಟಿವ್_ಪಾಸಿಟಿವ್
ಫೋನಿಗೆಂದೇ ಬಂದ ಕ್ವಿಬಿ ಅನ್ನುವ ವಿಡಿಯೋ ಸೇವೆ ನೆನಪಿದೆಯಾ ಯಾರಿಗಾದರೂ? 175 ಕೋಟಿ ಡಾಲರ್ ಹೂಡಿಕೆ, 2020ರ ಏಪ್ರಿಲ್‌ನಲ್ಲಿ ಶುರು, ಅದೇ ಡಿಸೆಂಬರ್‌ಗೆ ಬಾಗಿಲು ಬಂತು. ಅವರು ಮಾಡಿದ್ದರಲ್ಲಿ ಬಹಳಷ್ಟು ಉದ್ದ ಕಥೆಯನ್ನು 10 ನಿಮಿಷದೊಳಗಿನ ತುಂಡು ಮಾಡಿದ್ದು. ಕಬ್ಬನ್ನು ತುಂಡು ಮಾಡಿದರೆ ಅದು ಬೇರೆ ಹಣ್ಣಾಗುತ್ತದಾ?

ಸುರುಳಿ_ಸುತ್ತು
ಸರಿಯಾಗಿ ಹೇಳಿದಿರಿ. 19 ನಿಮಿಷದಿಂದ 11ಕ್ಕೆ ಇಳಿಸುವಾಗ ನಾನು ಕಲಿತದ್ದೂ ಅದೇ. ಮೊದಲು ತುಂಡು ಮಾಡುತ್ತಿದ್ದೆ, ಇಲ್ಲೊಂದು ಚೂರು ಅಲ್ಲೊಂದು ಚೂರು, 15ಕ್ಕೆ ಬಂತು, ಬರೀ ಓಡುತ್ತಿದೆ ಅನ್ನಿಸಿತು, ಉಸಿರೇ ಇಲ್ಲ. ಆಮೇಲೆ ಒಂದು ರಾತ್ರಿ ಇಡೀ ಒಂದು ದೃಶ್ಯ ತೆಗೆದೆ. ಮಗಳು ಫೋನಿನಲ್ಲಿ ಅಮ್ಮನಿಗೆ ಎಲ್ಲ ವಿವರಿಸುವ ದೃಶ್ಯ, ಮೂರೂವರೆ ನಿಮಿಷ, ತುಂಬಾ ಚೆನ್ನಾಗಿ ನಟಿಸಿದ್ದರು. ಅದು ಹೋದ ಮೇಲೆ ಅವಳು ಬಾಗಿಲ ಚಿಲಕದ ಮೇಲೆ ಕೈ ಇಟ್ಟು ನಿಲ್ಲುವ ಒಂದು ಶಾಟ್ ಉಳಿಯಿತು. ಮೊದಲು 3 ಸೆಕೆಂಡ್ ಇತ್ತು, ಅದನ್ನು 9 ಸೆಕೆಂಡಿಗೆ ಎಳೆದೆ. ಚಿತ್ರ ಚಿಕ್ಕದಾಯಿತು, ಆ ಶಾಟ್ ಉದ್ದವಾಯಿತು. ಫೋನಿನಲ್ಲಿ ಹೇಳಿದ್ದೆಲ್ಲ ಆ ಕೈಯಲ್ಲಿ ಬಂತು.

ಫೀಚರ್ ಆಗಿದ್ದರೆ ಆ ಫೋನ್ ದೃಶ್ಯ ಉಳಿಯುತ್ತಿತ್ತು, ಉಳಿಯಬೇಕಿತ್ತು ಕೂಡ.

ಪೆನ್ಸಿಲ್_ಗೀಟು
ಕಾರ್ಟೂನ್ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಆನಿಮೇಶನ್‌ನವಳು, ಸುಮ್ಮನಿರಲ್ಲ.

ಕಿರುಚಿತ್ರದಲ್ಲೇ ನಿಜವಾಗಿ ದೊಡ್ಡ ಕೆಲಸ ಆಗಿದ್ದು ಕಾರ್ಟೂನಿನಲ್ಲಿ. 1928ರಲ್ಲಿ ಡಿಸ್ನಿಯ ಮಿಕ್ಕಿ ಶಬ್ದದ ಜೊತೆ ಬಂದ. 1932ಕ್ಕೆ ಮೂರು ಬಣ್ಣದ ಟೆಕ್ನಿಕಲರ್ ಅನ್ನುವ ಬಣ್ಣದ ಫಿಲ್ಮಿನ ತಂತ್ರವನ್ನು ಜನರ ಮುಂದಿಟ್ಟಿದ್ದೂ ಒಂದು ಕಾರ್ಟೂನೇ, ಫೀಚರ್ ಅಲ್ಲ. ಹೊಸದನ್ನು ಪರೀಕ್ಷೆ ಮಾಡಲು 7, 8 ನಿಮಿಷ ಸರಿಯಾದ ಜಾಗ. ಕೆಟ್ಟರೂ ಕಂಪನಿ ಮುಳುಗಲ್ಲ. ಆದರೆ ಮೇಲೆ ಹೇಳಿದ ಬಾಡಿಗೆ ಲೆಕ್ಕ ಡಿಸ್ನಿಯನ್ನೂ ಬಿಡಲಿಲ್ಲ. ಎಷ್ಟು ಚೆನ್ನಾಗಿ ಮಾಡಿದರೂ ಹುಟ್ಟುವ ದುಡ್ಡು ಅಷ್ಟೇ, ಖರ್ಚು ಮಾತ್ರ ಏರುತ್ತಲೇ ಇತ್ತು. ಅದಕ್ಕೇ 1937ರಲ್ಲಿ ಸ್ನೋ ವೈಟ್, ಜಗತ್ತಿನ ಮೊದಲ ಆನಿಮೇಶನ್ ಫೀಚರ್. ಆಮೇಲೆ ಎಂಜಿಎಂ 1957ರಲ್ಲಿ, ವಾರ್ನರ್ 1963ರಲ್ಲಿ ಕಾರ್ಟೂನ್ ವಿಭಾಗ ಮುಚ್ಚಿದವು. ಟಾಮ್ ಅಂಡ್ ಜೆರ್ರಿಗೆ 7 ಆಸ್ಕರ್ ಬಂದಿತ್ತು ಅನ್ನುವುದನ್ನು ನೆನಪಿಡಿ. 7 ಆಸ್ಕರ್ ಬಂದ ವಿಭಾಗವನ್ನು ಮುಚ್ಚಿದರು!

ಬೆಳಕಿನಬೀಜ
ಒಂದು ತಿದ್ದುಪಡಿ. ಸ್ನೋ ವೈಟ್ ಮೊದಲನೆಯದಲ್ಲ. ಲೊಟ್ಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ ಮಾಡಿದ ರಾಜಕುಮಾರ ಆಕ್ಮೆದ್‌ನ ಚಿತ್ರ 1926ರದು. ಅದಕ್ಕೂ ಮೊದಲು ಅರ್ಜೆಂಟೀನಾದಲ್ಲಿ 1917ಕ್ಕೇ ಒಂದು ಬಂದಿತ್ತು, ಅದರ ಪ್ರತಿ ಉಳಿದಿಲ್ಲ.

ಪೆನ್ಸಿಲ್_ಗೀಟು
ಹೌದು, ರೈನಿಗರ್ ಅವರನ್ನು ಬಿಟ್ಟಿದ್ದು ನನ್ನ ತಪ್ಪು. ಕೈಯಿಂದ ಸೆಲ್ ಅನ್ನುವ ಪಾರದರ್ಶಕ ಹಾಳೆಗಳ ಮೇಲೆ ಬರೆದು ಅಮೆರಿಕದಲ್ಲಿ ಮಾಡಿದ ಮೊದಲ ಫೀಚರ್ ಅನ್ನಬೇಕಿತ್ತು.

ಆದರೆ ಕಾರ್ಟೂನ್ ಸಾಯಲಿಲ್ಲ, ಮನೆ ಬದಲಾಯಿಸಿತು. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನಲ್ಲಿ ನಾರ್ಮನ್ ಮೆಕ್ಲಾರೆನ್ ಫಿಲ್ಮಿನ ಮೇಲೇ ಗೀಚಿ ಚಿತ್ರ ಮಾಡುತ್ತಿದ್ದರು, ಕ್ಯಾಮೆರಾನೇ ಇಲ್ಲದೆ. ಯುಗೊಸ್ಲಾವಿಯಾದ ಝಾಗ್ರೆಬ್‌ನ ಒಂದು ಚಿತ್ರ 1961ರ ಸಾಲಿನ ಆನಿಮೇಶನ್ ಕಿರುಚಿತ್ರದ ಆಸ್ಕರ್ ಗೆದ್ದಿತು, ಅಮೆರಿಕದ ಹೊರಗಿನವರಿಗೆ ಆ ವಿಭಾಗದಲ್ಲಿ ಅದೇ ಮೊದಲು. ಗಲ್ಲಾಪೆಟ್ಟಿಗೆ ಬಿಟ್ಟಿದ್ದನ್ನು ಸರ್ಕಾರದ ದುಡ್ಡು ಎತ್ತಿಕೊಂಡಿತು. ಆಮೇಲೆ ಕಂಪ್ಯೂಟರ್. ಪಿಕ್ಸಾರ್‌ನ ಆ ಕುಣಿಯುವ ಟೇಬಲ್ ಲ್ಯಾಂಪು 1986ರಲ್ಲಿ 2 ನಿಮಿಷ. ಎರಡು ಲ್ಯಾಂಪಿಗೆ ಕಣ್ಣಿಲ್ಲ ಬಾಯಿಲ್ಲ, ಆದರೂ ಯಾವುದು ಅಪ್ಪ ಯಾವುದು ಮಗು ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಈಗಲೂ ಹೊಸಬರಿಗೆ ಕಲಿಸುವಾಗ ನಾನು ಮೊದಲು ತೋರಿಸುವುದು ಅದನ್ನೇ.

ಮೂರನೇಸಾಲು
ಪಿಕ್ಸಾರ್ ಫೀಚರ್ ಮುಂದೆ ಕಿರುಚಿತ್ರ ಹಾಕುತ್ತಿದ್ದರಲ್ಲ, ನನಗೆ ತುಂಬಾ ಇಷ್ಟ ಆಗುತ್ತಿತ್ತು. ಆದರೆ 2017ರಲ್ಲಿ ಕೊಕೊ ಚಿತ್ರದ ಮುಂದೆ ಫ್ರೋಜನ್‌ನ ಹಿಮದ ಗೊಂಬೆ ಓಲಾಫ್‌ನದು 21 ನಿಮಿಷದ್ದು ಹಾಕಿದರು. ಇದು ಯಾವಾಗ ಮುಗಿಯುತ್ತದೆ, ತಪ್ಪು ಹಾಲಿಗೆ ಬಂದೆವಾ ಅಂತ ಜನ ಸಿಟ್ಟಾದರು. ಕೊನೆಗೆ ತೆಗೆದೇಬಿಟ್ಟರು. ಹಾಗಾಗಿ ಪ್ರೇಕ್ಷಕರನ್ನು ಕೇಳಿಯೇ ಇಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ.

ನೆಗೆಟಿವ್_ಪಾಸಿಟಿವ್
ಅದು ಕಿರುಚಿತ್ರದ ಮೇಲಿನ ಸಿಟ್ಟಲ್ಲ. ಜಾಹೀರಾತು ನೋಡಿ, ಟ್ರೇಲರ್ ನೋಡಿ, ಆಮೇಲೆ 21 ನಿಮಿಷ. ಮೊದಲು ಕಿರುಚಿತ್ರ ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಜಾಹೀರಾತು ಕೂತಿದೆ. ಅದು ಎದ್ದರೆ ತಾನೇ ಇದಕ್ಕೆ ಜಾಗ?

ಬೆಳಕಿನಬೀಜ
ಫ್ರಾನ್ಸಿನ ಕಥೆ ಹೇಳದೆ ಇದ್ದರೆ ಚರ್ಚೆ ಅರ್ಧ. ಅಲ್ಲಿ ಫೀಚರ್ ಜೊತೆ ಕಿರುಚಿತ್ರ ಇರಲೇಬೇಕು ಅನ್ನುವ ಕಾನೂನಿನ ರಕ್ಷಣೆ ಇತ್ತು. 1953ರಲ್ಲಿ ಅದು ಹೋಗುವ ಹಾಗಾಯಿತು. ಆಗ ಕಿರುಚಿತ್ರದವರು 30 ಜನ ಸೇರಿ ಒಂದು ಹೇಳಿಕೆ ಹೊರಡಿಸಿದರು, 'ಮೂವತ್ತರ ಗುಂಪು' ಅಂತಲೇ ಹೆಸರಾಯಿತು. ಅಲೆನ್ ರೆನೆ, ಜಾರ್ಜ್ ಫ್ರಾಂಜು ಎಲ್ಲ ಅದರಲ್ಲಿದ್ದರು. ಕಾದಂಬರಿ ಪಕ್ಕ ಕವಿತೆ, ಸಣ್ಣಕಥೆ ಇರುವ ಹಾಗೆ ಫೀಚರ್ ಪಕ್ಕ ಕಿರುಚಿತ್ರ ಇರಬೇಕು ಅನ್ನುವುದು ಅವರ ವಾದ. ಗುಣಮಟ್ಟ ನೋಡಿ ಸಹಾಯಧನ ಕೊಡುವ ಪದ್ಧತಿ ಆ ವರ್ಷಗಳಲ್ಲೇ ಗಟ್ಟಿಯಾಯಿತು. ನಾಜಿ ಶಿಬಿರಗಳ ಬಗ್ಗೆ ರೆನೆ ಮಾಡಿದ 32 ನಿಮಿಷದ ಚಿತ್ರ ಬಂದಿದ್ದು ಅದೇ ಕಾಲದಲ್ಲಿ. ಅದನ್ನು ಯಾರಾದರೂ "ಇದನ್ನ ಸಿನಿಮಾ ಯಾವಾಗ ಮಾಡ್ತೀರಿ" ಅಂತ ಕೇಳುತ್ತಾರಾ?

ಜರ್ಮನಿಯಲ್ಲೂ ಹಾಗೇ. 1962ರ ಫೆಬ್ರವರಿ 28ರಂದು ಓಬರ್‌ಹೌಸೆನ್ ಕಿರುಚಿತ್ರೋತ್ಸವದಲ್ಲಿ 26 ಜನ ಹೊಸಬರು ಹಳೇ ಸಿನಿಮಾ ಸತ್ತಿದೆ, ನಾವು ಹೊಸದನ್ನು ನಂಬುತ್ತೇವೆ ಅಂತ ಸಹಿ ಹಾಕಿದರು. ಜರ್ಮನಿಯ ಹೊಸ ಸಿನಿಮಾ ಶುರುವಾಗಿದ್ದೇ ಕಿರುಚಿತ್ರದವರಿಂದ. ಮನೆಯಿಂದ ಹೊರಗೆ ಹಾಕಿದ್ದರು, ಅವರು ಬಂದು ಮನೆಯನ್ನೇ ಬದಲಾಯಿಸಿದರು.

ಹಳೇಟಾಕೀಸು
ಇಲ್ಲಿ ನನ್ನದೊಂದು ತಕರಾರು. ಉತ್ಸವಗಳು ಕಿರುಚಿತ್ರವನ್ನು ಉಳಿಸಿದವು, ಒಪ್ಪಿದೆ. ಆದರೆ ಅದನ್ನು ಏಣಿ ಮಾಡಿದ್ದೂ ಅವೇ. ಥಿಯೇಟರಿನ ಕಾಲದಲ್ಲಿ ಕಿರುಚಿತ್ರ ನೋಡುತ್ತಿದ್ದವರು ಜನ. ಈಗ ನೋಡುವವರು ಆಯ್ಕೆ ಸಮಿತಿ, ಆಮೇಲೆ ದುಡ್ಡು ಹಾಕುವವರು. 2013ರಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಉತ್ಸವದಲ್ಲಿ ಗೆದ್ದ ವಿಪ್ಲಾಶ್ ಕಿರುಚಿತ್ರ ಮರುವರ್ಷ ಫೀಚರ್ ಆಯಿತು. ಅದು ಒಳ್ಳೆಯದೇ. ಆದರೆ ಅದನ್ನು ನೋಡಿ ಎಲ್ಲರೂ ವಿಸಿಟಿಂಗ್ ಕಾರ್ಡ್ ಮಾಡಲು ಹೊರಟರು. ದೊಡ್ಡ ಕಥೆಯ ಒಂದು ದೃಶ್ಯ ತೆಗೆದು ಇದೇ ಕಿರುಚಿತ್ರ ಅಂತ ಕಳಿಸುತ್ತಾರೆ. ನಿಮ್ಮನ್ನು ಆ ಮೂವರು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ, ಅವರು ನೋಡಿರುವುದೆಲ್ಲ ಅಂಥದ್ದೇ.

ನೆಗೆಟಿವ್_ಪಾಸಿಟಿವ್
ನನ್ನ ಅನುಭವ. 22 ನಿಮಿಷದ ಚಿತ್ರ ಒಂದು ಉತ್ಸವಕ್ಕೆ ಕಳಿಸಿದ್ದೆ, ಹೆಸರು ಬೇಡ. ಅಲ್ಲಿನವರೊಬ್ಬರು ಫೋನ್ ಮಾಡಿ, ಚಿತ್ರ ತುಂಬಾ ಇಷ್ಟವಾಯಿತು, 12 ನಿಮಿಷ ಮಾಡಿದರೆ ಹಾಕಿಕೊಳ್ಳಬಹುದು, ಒಂದು ಸ್ಲಾಟಿನಲ್ಲಿ 6 ಚಿತ್ರ ಕೂರಬೇಕು ಅಂದರು. ಒಳ್ಳೆಯ ಮನುಷ್ಯ, ನನಗೆ ಸಹಾಯ ಮಾಡಲೆಂದೇ ಹೇಳಿದ್ದು. ನಾನು 12 ನಿಮಿಷ ಮಾಡಿದೆ. ಅವರು ಹಾಕಿಕೊಂಡರು. ನಾನು ಹಾಲಿನಲ್ಲಿ ಕೂತು ನೋಡಿದೆ, ನನ್ನ ಚಿತ್ರ ಅಲ್ಲಿರಲಿಲ್ಲ. ಈಗ ಎಂಟು ವರ್ಷ ಆಯಿತು, ಇನ್ನೂ ಹೊಟ್ಟೆ ಉರಿಯುತ್ತದೆ.

ಸುರುಳಿ_ಸುತ್ತು
22 ನಿಮಿಷದ್ದು ಇನ್ನೂ ಇದೆಯಾ? ಇದ್ದರೆ ಕಳಿಸಿ. ನಿಜವಾಗಿ ಕೇಳುತ್ತಿದ್ದೇನೆ.

ನೆಗೆಟಿವ್_ಪಾಸಿಟಿವ್
ಹಾರ್ಡ್ ಡಿಸ್ಕಿನಲ್ಲಿದೆ. ಹುಡುಕಿ ಕಳಿಸುತ್ತೇನೆ.

ಕಪ್ಪುಬಿಳುಪು
ಏಣಿ ಹತ್ತಿದವರೆಲ್ಲ ಮತ್ತೆ ಇಳಿಯುವುದಿಲ್ಲ ಅನ್ನಬೇಡಿ. ಫ್ರಾನ್ಸಿನ ನಿರ್ದೇಶಕಿ ಆನ್ಯೆಸ್ ವಾರ್ದಾ ಫೀಚರ್ ಮಾಡುತ್ತಲೇ ಜೀವಮಾನ ಪೂರ್ತಿ ಕಿರುಚಿತ್ರವನ್ನೂ ಮಾಡಿದರು. ಅಲ್ಮೊದೊವಾರ್ 2020ರಲ್ಲಿ 30 ನಿಮಿಷದ್ದು ಮಾಡಿದರು. ವೆಸ್ ಆಂಡರ್ಸನ್ 2023ರಲ್ಲಿ 39 ನಿಮಿಷದ್ದು ಮಾಡಿ ಆಸ್ಕರ್ ತಗೊಂಡರು, ಅದು ಬಂದಿದ್ದು ನೆಟ್‌ಫ್ಲಿಕ್ಸ್‌ನಲ್ಲಿ.

ಮೂರನೇಸಾಲು
39 ನಿಮಿಷ ಕಿರುಚಿತ್ರಾನಾ? ಅದು ಯಾವ ಲೆಕ್ಕ?

ಕಪ್ಪುಬಿಳುಪು
ಆಸ್ಕರ್ ಲೆಕ್ಕದಲ್ಲಿ ಟೈಟಲ್ಲೂ ಸೇರಿ 40 ನಿಮಿಷದವರೆಗೆ. ಕಾನ್ ಉತ್ಸವದಲ್ಲಿ 15 ನಿಮಿಷ ದಾಟುವ ಹಾಗಿಲ್ಲ. ಒಬ್ಬೊಬ್ಬರದು ಒಂದೊಂದು ಗಜಕಡ್ಡಿ.

ಸಣ್ಣಕಥೆ_ಓದುಗಿ
ಅದೇ ಆಸ್ಕರಿನವರು 2022ರಲ್ಲಿ ಮೂರೂ ಕಿರುಚಿತ್ರ ವಿಭಾಗಗಳನ್ನು ನೇರಪ್ರಸಾರದಿಂದ ಹೊರಗಿಟ್ಟು, ಮೊದಲೇ ಕೊಟ್ಟು, ಆಮೇಲೆ ತುಣುಕು ತೋರಿಸಿದರಲ್ಲ. ಮುಂದಿನ ವರ್ಷ ವಾಪಸ್ ತಂದರು ಸರಿ. ಆದರೆ ಸಮಯ ಉಳಿಸಬೇಕು ಅಂದ ತಕ್ಷಣ ಮೊದಲು ಕಣ್ಣು ಬೀಳುವುದು ಯಾರ ಮೇಲೆ ನೋಡಿ. 1930ರ ದಶಕದ ಡಬಲ್ ಬಿಲ್ ಕಥೆಯೇ.

ಹೊಸಬ_24
ನೀವೆಲ್ಲ ಇಷ್ಟು ಹೇಳುತ್ತಿದ್ದೀರಲ್ಲ, ನಾನು ಹಳೆಯದು ಯಾವುದೂ ನೋಡಿಲ್ಲ, ನಿಜ ಹೇಳುತ್ತೇನೆ. ಒಂದೇ ಒಂದು ಹೇಳಿ. ಇವತ್ತು ರಾತ್ರಿ ನೋಡುತ್ತೇನೆ.

ಪ್ರೊಜೆಕ್ಟರ್_ರೂಮು
ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 'ಲಾ ಜೆತೆ'. 28 ನಿಮಿಷ. ಹೆಚ್ಚುಕಡಿಮೆ ಇಡೀ ಚಿತ್ರ ನಿಂತ ಫೋಟೋಗಳು, ಹಿಂದೆ ಒಂದು ದನಿ ಕಥೆ ಹೇಳುತ್ತದೆ. ಒಂದೇ ಒಂದು ಕಡೆ ಚಿತ್ರ ಚಲಿಸುತ್ತದೆ. ಎಲ್ಲಿ ಅಂತ ಹೇಳಲ್ಲ.

ನಾವು ಫಿಲ್ಮ್ ಸೊಸೈಟಿ ನಡೆಸುತ್ತಿದ್ದಾಗ ಅದರ 16 ಎಂಎಂ ಪ್ರತಿ ತರಿಸಿದ್ದೆವು. ಪ್ರೊಜೆಕ್ಟರ್ ಪಕ್ಕ ನಿಂತು ಓಡಿಸುತ್ತಿದ್ದವನು ನಾನು. ಆ ಪ್ರತಿಯಲ್ಲಿ ಎರಡು ಕಡೆ ಅಂಟು ಹಾಕಿದ ಜಾಗ ಇತ್ತು, ಅದು ಗೇಟಿನಲ್ಲಿ ಹಾಯುವಾಗ ಟಕ್ ಅನ್ನುತ್ತಿತ್ತು, ಪ್ರತಿ ಸಲ ಎದೆ ಧಸಕ್. ಫಿಲ್ಮು ಮಾತ್ರ ಸೆಕೆಂಡಿಗೆ 24 ಫ್ರೇಮ್ ಓಡುತ್ತಲೇ ಇದೆ, ತೆರೆಯ ಮೇಲೆ ಏನೂ ಅಲ್ಲಾಡುವುದಿಲ್ಲ. ಹೊಸದಾಗಿ ಬಂದ ಒಬ್ಬರು ತಿರುಗಿ ನನ್ನನ್ನು ನೋಡಿದರು, ಮಷೀನು ಕೆಟ್ಟಿದೆ ಅಂತ. ನಾನು ತೆರೆ ಕಡೆ ಕೈ ತೋರಿಸಿದೆ. ಸ್ವಲ್ಪ ಹೊತ್ತಿಗೆ ಆ ಜಾಗ ಬಂತು. ಆ ಮನುಷ್ಯನ ಕುರ್ಚಿ ಕಿರ್ ಅಂದಿದ್ದು ನನಗೆ ಮಷೀನಿನ ಸದ್ದಿನಲ್ಲೂ ಕೇಳಿಸಿತು.

ಫೋನಿನಲ್ಲಿ ನೋಡಿದರೂ ಪರವಾಗಿಲ್ಲ. ಲೈಟ್ ಆರಿಸಿ, ನಡುವೆ ನಿಲ್ಲಿಸಬೇಡಿ.

ಬೆಳಕಿನಬೀಜ
ಅದನ್ನೇ ಆಧಾರ ಮಾಡಿಕೊಂಡು 1995ರಲ್ಲಿ '12 ಮಂಕೀಸ್' ಅಂತ ಎರಡು ಗಂಟೆ ದಾಟಿದ ಸಿನಿಮಾ ಬಂತು. ಅದೂ ಚೆನ್ನಾಗಿದೆ, ಆದರೆ ಅದು ಬಂದಿದ್ದರಿಂದ ಈ 28 ನಿಮಿಷ ಅಪೂರ್ಣ ಅಂತ ಯಾರಿಗೂ ಅನ್ನಿಸಿಲ್ಲ. ಮೂಲ ಪೋಸ್ಟಿನ ಪ್ರಶ್ನೆಗೆ ನನ್ನ ಉತ್ತರ ಅದು.

ಪೆನ್ಸಿಲ್_ಗೀಟು
ಒಂದು ಬೇರೆ ವಿಷಯ. "ಶಾರ್ಟ್ಸ್ ಮಾಡುತ್ತೇನೆ" ಅಂದರೆ ಈಗ ಜನ ಉದ್ದಕ್ಕೆ ಹಿಡಿದ ಫೋನ್ ವಿಡಿಯೋ ಅಂದುಕೊಳ್ಳುತ್ತಾರೆ. ನಾನು ಅದಕ್ಕೇ ಕಿರುಚಿತ್ರ ಅಂತಲೇ ಹೇಳಲು ಶುರು ಮಾಡಿದೆ. ಕನ್ನಡದ ಪದ ಇಲ್ಲಿ ಕೆಲಸಕ್ಕೆ ಬಂತು.

ಮೂರನೇಸಾಲು
ಕಿರು ಅಂದರೂ ಚಿಕ್ಕದು ಅಂತ ತಾನೇ. ಫೀಚರ್‌ಗೆ ಯಾರೂ ಹಿರಿಚಿತ್ರ ಅನ್ನಲ್ಲ.

ಹಳೇಟಾಕೀಸು
1905ರಲ್ಲಿ ಯಾರನ್ನಾದರೂ ಕೇಳಿದ್ದರೆ ಉದ್ದದ್ದಕ್ಕೇ ಬೇರೆ ಹೆಸರು ಹುಡುಕುತ್ತಿದ್ದರು.

ಸುರುಳಿ_ಸುತ್ತು
ಎಲ್ಲರಿಗೂ ಥ್ಯಾಂಕ್ಸ್. ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಜನಕ್ಕೆ ಸಾಕಾಗಿ ಹೋದದ್ದಲ್ಲ, ಟಿಕೆಟ್ಟಿನಲ್ಲಿ ಅದರ ಪಾಲು ಮೊದಲಿಂದಲೂ ಇರಲಿಲ್ಲ. ನಾಳೆ ಆ ಮೂವರಲ್ಲಿ ಒಬ್ಬರು ಸಿಗುತ್ತಾರೆ. ಜಗಳ ಆಡಲ್ಲ, 'ಮ್ಯೂಸಿಕ್ ಬಾಕ್ಸ್' ತೋರಿಸುತ್ತೇನೆ.

ಹೊಸಬ_24
ನೋಡಿದೆ. ರಾತ್ರಿ ಒಂದೂವರೆ ಈಗ. ಮೊದಲ ಐದು ನಿಮಿಷ ಬೆರಳು ತಾನಾಗಿ ಮೇಲಕ್ಕೆ ಹೋಗುತ್ತಿತ್ತು, ನಿಜ ಹೇಳುತ್ತೇನೆ. ಆಮೇಲೆ ಫೋನನ್ನು ಪುಸ್ತಕಕ್ಕೆ ಒರಗಿಸಿ ಇಟ್ಟು ಕೈ ಕಟ್ಟಿಕೊಂಡು ಕೂತೆ. ಆ ಜಾಗ ಬಂದಾಗ ಮೊದಲು ಗೊತ್ತೇ ಆಗಲಿಲ್ಲ, ಮುಗಿದ ಮೇಲೆ ಗೊತ್ತಾಯಿತು. ಕಣ್ಣು. ಅಷ್ಟೇ ಹೇಳುತ್ತೇನೆ, ನೋಡದವರಿಗೆ ಹಾಳು ಮಾಡಲ್ಲ. ಹಿಂದಕ್ಕೆ ಹೋಗಿ ಮತ್ತೆ ನೋಡಬೇಕು ಅನ್ನಿಸಿತು, ನೋಡಲಿಲ್ಲ. ಮೇಡಂ ಹೇಳಿದ ಹಾಗೆ ಸ್ವಲ್ಪ ಹೊತ್ತು ಗೋಡೆ ನೋಡಿಕೊಂಡು ಕೂತಿದ್ದೆ.

ಇನ್ನೊಂದು ಹೇಳಿ. ಇನ್ನೂ ಚಿಕ್ಕದು, ಬೆಳಿಗ್ಗೆ ಬೇಗ ಏಳಬೇಕು.

ಪೆನ್ಸಿಲ್_ಗೀಟು
ಮೆಕ್ಲಾರೆನ್, 'ನೇಬರ್ಸ್', 1952. ಒಂದು ಹೂವಿಗಾಗಿ ಇಬ್ಬರು ಕಾದಾಡುವುದು, ಮನುಷ್ಯರನ್ನೇ ಗೊಂಬೆ ಥರ ಒಂದೊಂದೇ ಫ್ರೇಮ್ ಸರಿಸಿ ತೆಗೆದಿದ್ದಾರೆ. 8 ನಿಮಿಷ. ಫಿಲ್ಮ್ ಬೋರ್ಡಿನವರೇ ನೆಟ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ, ಅಲ್ಲೇ ನೋಡಿ.